ಕತುಂಗೆಯ ಬೆನ್ನ ಹಿಂದಿನ ಸಾಲು

ಕತುಂಗೆಯನ್ನು ನಾನು ಮೊದಲು ನೋಡಿದ್ದು ಅವಳು ನನ್ನ ಅಡಿಗೆಯ ಪಾತ್ರೆ ಹೊತ್ತುಕೊಂಡು ಹೋಗಲು ಬಂದ ದಿನ. ನಾನು ಮದುವೆಯಾಗಿ ಕಿಯೋನಿ ಗುಡ್ಡಕ್ಕೆ ಬಂದು ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಸೀಟಿ ಕೇಳಿಸಿತ್ತು. ಯಾರೋ ದನ ಕರೆಯುತ್ತಿದ್ದಾರೆ ಎಂದುಕೊಂಡು ಒಲೆ ಊದುತ್ತ ಕುಳಿತಿದ್ದೆ. ಬಿಸಿಲೇರಿದ ಮೇಲೆ ಹತ್ತು ಹನ್ನೆರಡು ಹೆಂಗಸರು ಅಂಗಳಕ್ಕೆ ಬಂದು ನಿಂತರು. ಮುಂದಿದ್ದವಳು ಎತ್ತರ, ತೆಳ್ಳಗೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಅವಳು ನೇರ ಒಳಗೆ ಬಂದು ಒಲೆಯ ಮೇಲಿದ್ದ ಪಾತ್ರೆಯೊಳಗೆ ಬಗ್ಗಿ ನೋಡಿದಳು.

“ಬರೀ ನೀರು. ಒಳ್ಳೇದಾಯ್ತು. ಕಾಳು ಬೇಯ್ತಿದ್ರೆ ನಂಗೂ ಸಂಕಟ ಆಗ್ತಿತ್ತು,” ಎಂದಳು. ನೀರನ್ನು ಒಂದು ಹನಿಯೂ ಚೆಲ್ಲದಂತೆ ನನ್ನ ಮಣ್ಣಿನ ಕೊಡಕ್ಕೆ ಬಗ್ಗಿಸಿ, ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಟಳು.

“ಅಕ್ಕಾ, ಅದು ನನ್ನ ತವರಿನ ಪಾತ್ರೆ,” ಎಂದೆ.

“ಗೊತ್ತು ಕಣೇ ಹುಡುಗಿ. ಅದಕ್ಕೇ ಒಯ್ತಿರೋದು. ನಿನ್ನ ಅತ್ತೇದಾಗಿದ್ರೆ ನೀನು ಹಿಂದೆ ಬರ್ತಿರ್ಲಿಲ್ಲ.”

ಹೆಂಗಸರೆಲ್ಲ ನಕ್ಕರು. ನಾನು ಅಳುತ್ತ ಹಿಂದೆ ಹೋದೆ. ಗುಡ್ಡದ ಪಡುವಣ ಇಳಿಜಾರಿನಲ್ಲಿ ಬದು ಕಟ್ಟುವ ಕೆಲಸ ನಡೆದಿತ್ತು. ನನ್ನ ಪಾತ್ರೆಯನ್ನೇ ಮೂರು ಕಲ್ಲಿನ ಮೇಲಿಟ್ಟು, ಮೆಕ್ಕೆಜೋಳ ತೊಗರಿಕಾಳು ಹಾಕಿ ಎಲ್ಲರಿಗೂ ಇಸ್ಯೊ ಬೇಯಿಸಿದರು. ನನ್ನ ಕೈಗೆ ಗುದ್ದಲಿ ಕೊಟ್ಟರು. ಸಂಜೆ ಕತುಂಗೆ ಪಾತ್ರೆಯ ಮಸಿ ಉಜ್ಜಿ, ತಳದಲ್ಲಿ ನನ್ನ ಗಂಡನಿಗೆಂದು ಎರಡು ಸೌಟು ಇಸ್ಯೊ ಬಿಟ್ಟು ಕೊಟ್ಟಳು.

“ನಿನ್ನ ಹೆಸರೇನೇ?”

“ವಾಯೆನಿ.”

“ಅಂದ್ರೆ ನೆಂಟ್ರ ಮಗಳು. ನಾಳೆಯಿಂದ ನೆಂಟ್ರ ಹಾಗೆ ಇರ್ಬೇಡ, ಸೀಟಿ ಕೇಳ್ದಾಗ ಬಾ.”

ನಮ್ಮಲ್ಲಿ ಹೆಂಗಸರ ಮುಯ್ಯಾಳಿನ ಕೂಟಕ್ಕೆ ಮ್ವೆತ್ಯಾ ಎನ್ನುತ್ತಾರೆ. ಇವತ್ತು ಅವಳ ಹೊಲ, ನಾಳೆ ನನ್ನ ಹೊಲ. ಬಾರದವಳ ಪಾತ್ರೆ ಬರುತ್ತದೆ, ಪಾತ್ರೆಯ ಹಿಂದೆ ಅವಳೂ ಬರುತ್ತಾಳೆ. ನಮ್ಮ ಕೂಟದಲ್ಲಿ ಅರವತ್ತಮೂರು ಜನ. ಕತುಂಗೆಗೆ ಅಕ್ಷರ ಬರುತ್ತಿರಲಿಲ್ಲ. ಒಂದು ಸೋರೆಬುರುಡೆಯಲ್ಲಿ ಅರವತ್ತಮೂರು ಕಡ್ಡಿ ಇಟ್ಟಿದ್ದಳು, ಒಂದೊಂದಕ್ಕೆ ಒಂದೊಂದು ಬಗೆಯ ಕಚ್ಚು. ಬಂದವಳು ತನ್ನ ಕಡ್ಡಿ ತೆಗೆದು ತಲೆವಸ್ತ್ರಕ್ಕೆ ಸಿಕ್ಕಿಸಿಕೊಳ್ಳಬೇಕು. ಬುರುಡೆಯಲ್ಲಿ ಉಳಿದ ಕಡ್ಡಿ ನೋಡಿದರೆ ಯಾರ ಮನೆಗೆ ಹೋಗಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಆ ಬುರುಡೆ ಹೊರುವ ಕೆಲಸವನ್ನು ನನಗೆ ಕೊಟ್ಟಳು. “ತಡವಾಗಿ ಬಂದೋಳು ನನ್ನ ಹತ್ರಾನೇ ಇರ್ಲಿ,” ಎಂದು ಸಾಲಿನಲ್ಲಿ ತನ್ನ ಹಿಂದೆಯೇ ನಿಲ್ಲಿಸಿಕೊಂಡಳು. ಹತ್ತೊಂಬತ್ತು ವರ್ಷ ನಾನು ಆ ಜಾಗ ಬಿಡಲಿಲ್ಲ.

ಕಲ್ಲು ಸಾಗಿಸುವ ದಿನ ಗುಡ್ಡದ ನೆತ್ತಿಯಿಂದ ಬುಡದವರೆಗೆ ಒಂದೇ ಸಾಲು. ಮೇಲೆ ಕತುಂಗೆ, ಅವಳ ಕೆಳಗೆ ನಾನು, ನನ್ನ ಕೆಳಗೆ ಟಬಿತಾ, ಹಾಗೇ ಕೊನೆಯವರೆಗೆ. ಕಲ್ಲು ಕೈಯಿಂದ ಕೈಗೆ ಇಳಿಯುತ್ತಿತ್ತು. ಆ ಸಾಲಿಗೆ ಒಂದು ಕಟ್ಟಳೆ ಇತ್ತು. ಮೇಲಿನವಳು ಎಡಕ್ಕೆ ಸರಿದರೆ ಕೆಳಗಿನವಳು ಆ ಕ್ಷಣವೇ ಎಡಕ್ಕೆ ಸರಿಯಬೇಕು. ಏಕೆಂದು ಕೇಳಬಾರದು, ತಲೆಯೆತ್ತಿ ನೋಡಬಾರದು. ಬಂಡೆ ಉರುಳಿ ಬರುವಾಗ ಕೇಳಲು ಹೊತ್ತಿರುವುದಿಲ್ಲ. ಮೊದಲ ಸಲ ನಾನು ತಲೆಯೆತ್ತಿ ನೋಡಿದ್ದಕ್ಕೆ ಕತುಂಗೆ ಕೆಳಗಿಳಿದು ಬಂದು ನನ್ನ ಕೆನ್ನೆಗೆ ಹೊಡೆದಳು. ಮರುವರ್ಷ ಎಮ್ಮೆಯ ತಲೆಯಷ್ಟು ದೊಡ್ಡ ಬಂಡೆ ಟಬಿತಾ ನಿಂತಿದ್ದ ಜಾಗದಲ್ಲೇ ಹಾದುಹೋಯಿತು. ನಾನು ಸರಿದಿದ್ದೆ, ಅವಳು ಸರಿದಿದ್ದಳು. ಆ ಮೇಲೆ ಅದು ನಮ್ಮ ಮೈಗೆ ಬಂದುಬಿಟ್ಟಿತು. ಸಂತೆಯಲ್ಲಿ ಯಾರಾದರೂ ಪಕ್ಕಕ್ಕೆ ಸರಿದರೂ ನಾವು ಸರಿಯುತ್ತಿದ್ದೆವು. ಗಂಡಸರು ನಗುತ್ತಿದ್ದರು.

ಕತುಂಗೆಯ ಗಂಡ ಮೊಂಬಾಸಾ ಬಂದರಿನಲ್ಲಿ ಮೂಟೆ ಹೊರಲು ಹೋದವನು ಮೊದಲು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಬರಲಿಲ್ಲ. “ಅಲ್ಲಿ ಅವನ ಪಾತ್ರೆ ಯಾರೋ ಹೊತ್ಕೊಂಡು ಹೋಗಿರ್ಬೇಕು,” ಎನ್ನುತ್ತಿದ್ದಳು. ಅವಳಿಗೆ ಕಾನಿನಿ ಒಬ್ಬಳೇ ಮಗಳು. ಗುಡ್ಡದಲ್ಲಿ ಎಲ್ಲರೂ ಅವಳನ್ನು ಕಾನಿನಿಯವ್ವ ಎಂದೇ ಕರೆಯುತ್ತಿದ್ದರು.

ನಾನು ಬಂದ ಮೂರನೆಯ ವರ್ಷ ಗುಡ್ಡದ ಸೊಂಟದಲ್ಲಿದ್ದ ಒರತೆಯನ್ನು ನಾವು ಕಟ್ಟಿದೆವು. ಮೊದಲು ಅದು ದನ ತುಳಿದ ಕೆಸರು. ನಲವತ್ತು ದಿನ ಕೆಸರೆತ್ತಿ, ಸುತ್ತ ಕಲ್ಲು ಕಟ್ಟಿ, ಬಾಯಿಗೆ ಚಪ್ಪಡಿ ಇಟ್ಟೆವು. ಹದಿಮೂರು ವರ್ಷ ಆ ನೀರು ಕುಡಿದೆವು. ಹದಿನಾಲ್ಕನೆಯ ವರ್ಷ ಕೌನ್ಸಿಲರ್ ಕಿತೋಂಗಾ ತನ್ನ ತಮ್ಮನ ದನಗಳಿಗೆಂದು ಒರತೆಯ ಸುತ್ತ ಮುಳ್ಳುತಂತಿ ಹಾಕಿಸಿದ. ಕಾಗದ ಇದೆ ಎಂದ. ಕಾಗದವನ್ನು ನಾವು ನೋಡಲಿಲ್ಲ, ನೋಡಿದ್ದರೂ ಓದಲಾಗುತ್ತಿರಲಿಲ್ಲ. ಬೇಲಿಯ ಬಾಗಿಲು ಕಾಯಲು ಒಬ್ಬ ಆಳು ಬೇಕಿತ್ತು. ಆ ಕೆಲಸ ನನ್ನ ಗಂಡ ಮುಸೆಂಬಿಗೆ ಸಿಕ್ಕಿತು. ಅವನ ಎದೆ ಕಲ್ಲುಗಣಿಯ ಧೂಳು ಕುಡಿದು ಕೆಟ್ಟಿತ್ತು. ಕುಳಿತು ಮಾಡುವ ಕೆಲಸ ಬಿಟ್ಟು ಬೇರೆ ಯಾವುದೂ ಅವನಿಂದ ಆಗುತ್ತಿರಲಿಲ್ಲ.

ಕಾವಲುಗಾರನ ಮನೆಗೆ ದಿನಕ್ಕೊಂದು ಡಬ್ಬ ಒರತೆ ನೀರು. ಉಳಿದ ಮನೆಗಳವರು ಕೆಳಗಿನ ಮರಳುಹೊಳೆಗೆ ಇಳಿದು, ಮರಳಿನಲ್ಲಿ ಒಂದಾಳುದ್ದದ ಗುಂಡಿ ತೋಡಿ, ಬಂದಷ್ಟು ಮೊಗೆದುಕೊಂಡು, ಡಬ್ಬದ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊತ್ತು ಹತ್ತಿ ಬರಬೇಕು. ಹೋಗಿ ಬರಲು ಅರ್ಧ ದಿನ. ಮೊದಲ ವಾರ ನಾನು ಅರ್ಧ ಡಬ್ಬ ನೀರನ್ನು ಕತುಂಗೆಯ ಮನೆಗೆ ಒಯ್ದೆ. ಅವಳು ಮುಟ್ಟಲಿಲ್ಲ.

“ನಿನ್ನ ಮೇಲೆ ಸಿಟ್ಟಿಲ್ಲ ಕಣೇ. ಇದನ್ನ ನಾನು ಕುಡಿದ್ರೆ ಮಿಕ್ಕ ಅರವತ್ತೊಂದು ಮನೆಗೆ ಏನು ಹೇಳ್ಲಿ?”

ತಂತಿ ಹಾಕಿದ ಎರಡನೆಯ ವರ್ಷ ಕಾನಿನಿ ಏಳು ತಿಂಗಳ ಬಸುರಿಯಾಗಿ ತಾಯಿಯ ಮನೆಗೆ ಬಂದಿದ್ದಳು. ಬೇಡವೆಂದರೂ ಕೇಳದೆ ನೀರಿಗೆ ಹೋದಳು. ಹೊಳೆಯಿಂದ ಹತ್ತುವ ದಾರಿಯಲ್ಲಿ ಕಾಲು ಜಾರಿತು. ಪಟ್ಟಿ ಹಣೆಯಿಂದ ಕಳಚಲಿಲ್ಲ, ಡಬ್ಬದ ಭಾರ ಅವಳನ್ನು ಎಳೆದುಕೊಂಡು ಹೋಯಿತು. ಎರಡು ದಿನ ಬದುಕಿದ್ದಳು. ಮಗುವನ್ನೂ ಅವಳ ಜೊತೆಗೇ ಮಣ್ಣು ಮಾಡಿದೆವು. ಕತುಂಗೆ ಆ ಪಟ್ಟಿಯನ್ನು ತೊಳೆದು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದಳು. ಎಂಟನೆಯ ದಿನ ಬೆಳಿಗ್ಗೆ ಸೀಟಿ ಕೇಳಿಸಿತು. ನಾವೆಲ್ಲ ಓಡಿ ಹೋದೆವು. ಅವತ್ತು ಬುರುಡೆಯಲ್ಲಿ ಒಂದು ಕಡ್ಡಿಯೂ ಉಳಿಯಲಿಲ್ಲ.

ಮರುವರ್ಷ ಪಕ್ಷದೊಳಗಿನ ಚುನಾವಣೆ ಬಂತು. ಆಗ ದೇಶಕ್ಕೆಲ್ಲ ಒಂದೇ ಪಕ್ಷ. ಪಕ್ಷ ಯಾರನ್ನು ಆರಿಸುತ್ತದೋ ಅವನೇ ಕೌನ್ಸಿಲರ್. ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಶಾಲೆಯ ಮೈದಾನದಲ್ಲಿ ನಿನಗೆ ಬೇಕಾದವನ ಫೋಟೋದ ಹಿಂದೆ ಸಾಲಾಗಿ ನಿಲ್ಲಬೇಕು, ಅಧಿಕಾರಿ ತಲೆ ಎಣಿಸುತ್ತಾನೆ. ಕಿತೋಂಗಾನ ಎದುರು ನಮ್ಮ ಶಾಲೆಯ ಮೇಷ್ಟ್ರು ಮುಲಾತ್ಯಾ ನಿಂತರು. ಗೆದ್ದ ಮಾರನೆಯ ದಿನವೇ ಒರತೆಯ ತಂತಿ ಕತ್ತರಿಸುತ್ತೇನೆಂದು ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಹೇಳಿದರು.

“ಕತ್ತರಿಸ್ದೇ ಇದ್ರೆ ನಿಮ್ಮನೆ ಪಾತ್ರೆಗೆ ಬರ್ತೀನಿ ಮೇಷ್ಟ್ರೇ,” ಎಂದಳು ಕತುಂಗೆ.

“ನಮ್ಮನೇಲಿ ಪಾತ್ರೆ ನನ್ನ ಹೆಂಡ್ತೀದು ಕಾನಿನಿಯವ್ವ.”

“ಹಾಗಾದ್ರೆ ಇನ್ನೂ ಒಳ್ಳೇದು.”

ನಮ್ಮ ಗುಡ್ಡದಲ್ಲಿ ಪಕ್ಷದ ಕಾರ್ಡು ಇದ್ದವರು ಮುನ್ನೂರ ತೊಂಬತ್ತೊಂದು ಜನ. ಕತುಂಗೆ ಒಂದು ತಿಂಗಳು ಮನೆ ಮನೆ ತಿರುಗಿದಳು, ನಾನು ಬುರುಡೆ ಹೊತ್ತು ಹಿಂದೆ ಹೋದೆ. ಒಪ್ಪಿದವರಿಗೆಲ್ಲ ಹೊಸ ಕಡ್ಡಿ ಕೆತ್ತಿದಳು, ಗಂಡಸರಿಗೂ. “ನಾನೇನು ಮ್ವೆತ್ಯಾಕ್ಕೆ ಸೇರಿದ ಹೆಂಗ್ಸಾ?” ಎಂದು ಒಬ್ಬ ಮುದುಕ ಗೊಣಗಿದ. “ಅಲ್ಲ ಮಾವ, ಆದ್ರೆ ನಿನ್ನ ಗಂಜಿ ಬೇಯೋದು ಪಾತ್ರೇಲೇ ತಾನೇ?” ಎಂದಳು. ಅವನು ಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಆ ಕಡೆಯಿಂದ ಸರ್ಕಾರ ನೇಮಿಸಿದ ಊರ ಯಜಮಾನ ಚೀಫನ ಪೊಲೀಸರು ಕಿತೋಂಗಾನ ಪರವಾಗಿ ಬಾಗಿಲು ಬಡಿಯುತ್ತಿದ್ದರು. ಮನೆಯಲ್ಲೇ ಉಳಿದವನು ಎರಡೂ ಕಡೆಯವರ ಕಣ್ಣಿಗೆ ಬೀಳುತ್ತಿದ್ದ.

ಆ ತಿಂಗಳೆಲ್ಲ ಮುಸೆಂಬಿ ಮನೆಯಲ್ಲಿ ಈ ವಿಷಯ ಎತ್ತಲಿಲ್ಲ. ನಾನು ಯಾರ ಹಿಂದೆ ನಿಲ್ಲಬೇಕೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ತಂತಿ ಕತ್ತರಿಸಿದರೆ ಬಾಗಿಲು ಇರುವುದಿಲ್ಲ, ಬಾಗಿಲಿಲ್ಲದಿದ್ದರೆ ಕಾವಲುಗಾರನೂ ಬೇಡ. ಇದು ಇಬ್ಬರಿಗೂ ಗೊತ್ತಿತ್ತು. ಚುನಾವಣೆಯ ದಿನ ಬೆಳಿಗ್ಗೆ ಅವನು ಎದೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ. ಆಮೇಲೆ, “ಮಧ್ಯಾಹ್ನಕ್ಕೆ ಗಂಜಿ ತೆಳ್ಳಗಿರ್ಲಿ,” ಎಂದಷ್ಟೇ ಹೇಳಿ ಹೊರಟ.

ಮೈದಾನದ ಬಾಗಿಲಲ್ಲಿ ಕಾರ್ಡಿಗೆ ಗುರುತು ಹಾಕಿ ಒಳಗೆ ಬಿಡುತ್ತಿದ್ದರು. ಮುನ್ನೂರ ಎಂಬತ್ತೈದು ಜನ ಬಂದರು. ಬಾರದವರು ಆರು ಜನ: ಇಬ್ಬರು ಬಾಣಂತಿಯರು, ಕಾಲು ಮುರಿದ ಒಬ್ಬ ಚಮ್ಮಾರ, ನೈರೋಬಿಗೆ ಹೋದ ಇಬ್ಬರು, ಹಿಂದಿನ ದಿನ ತೀರಿಕೊಂಡ ಟಬಿತಾಳ ಸೋದರತ್ತೆ. ಟಬಿತಾ ಹೆಣವನ್ನು ಮನೆಯಲ್ಲಿ ಬಿಟ್ಟು ಬಂದಿದ್ದಳು. “ಅತ್ತೆ ಕಾಯ್ತಾಳೆ, ಎಣಿಸೋನು ಕಾಯಲ್ಲ,” ಎಂದಳು.

ಮೇಷ್ಟ್ರ ಫೋಟೋದ ಹಿಂದೆ ನೂರ ಐವತ್ತೊಂದು ಜನ ನಿಂತಿದ್ದರು. ನಾವು ಅರವತ್ತಮೂರು ಹೆಂಗಸರು ಕೊನೆಯಲ್ಲಿ ನಿಂತೆವು. ಅದು ಕತುಂಗೆಯದೇ ಲೆಕ್ಕಾಚಾರ. “ಹಿಂದೆ ನಾವಿದ್ರೆ ಯಾರೂ ನುಣುಚ್ಕೊಳಲ್ಲ,” ಎಂದಿದ್ದಳು. ಒಟ್ಟು ಇನ್ನೂರ ಹದಿನಾಲ್ಕು. ಎಡಗಡೆ ಇಪ್ಪತ್ತು ಹೆಜ್ಜೆ ಆಚೆ ಕಿತೋಂಗಾನ ಸಾಲು. ಅದರಲ್ಲಿ ನೂರ ಎಪ್ಪತ್ತೊಂದು ಜನ. ಕುರುಡನೂ ಕೈಯಾಡಿಸಿ ಯಾವ ಸಾಲು ಉದ್ದವೆಂದು ಹೇಳಬಹುದಿತ್ತು. ಸಾಲು ಮುರಿಯದಿರಲೆಂದು ಪ್ರತಿಯೊಬ್ಬರೂ ಮುಂದಿನವರ ಸೊಂಟ ಹಿಡಿದಿದ್ದೆವು. ನನ್ನ ಎರಡೂ ಕೈ ಕತುಂಗೆಯ ಸೊಂಟದ ಮೇಲಿದ್ದವು. ಅವಳು ಬಟ್ಟೆಯ ಒಳಗೆ ಕಾನಿನಿಯ ಪಟ್ಟಿಯನ್ನು ಸುತ್ತಿಕೊಂಡಿದ್ದಳು. ಅದರ ಹೆಣಿಗೆ ನನ್ನ ಬೆರಳಿಗೆ ಸಿಗುತ್ತಿತ್ತು.

ಅಧಿಕಾರಿ ಸೀಟಿ ಊದಿದ ಮೇಲೆ ಸಾಲಿನಲ್ಲಿ ಇದ್ದವನು ಇದ್ದ, ಹೊರಗಿದ್ದವನು ಹೊರಗೆ. ಇದನ್ನು ಬೆಳಿಗ್ಗೆಯೇ ಎಲ್ಲರಿಗೂ ಕೂಗಿ ಹೇಳಿದ್ದರು.

ಮುಸೆಂಬಿ ಕಿತೋಂಗಾನ ಸಾಲಿನಲ್ಲಿ ಸರಿಯಾಗಿ ನನಗೆ ಎದುರಾಗಿ ನಿಂತಿದ್ದ. ಬಿಸಿಲು ನೆತ್ತಿಗೇರಿತ್ತು. ಅವನು ಕೆಮ್ಮಿದ. ಆಮೇಲೆ ಈ ಕಡೆಗೆ ತಿರುಗಿ ನೋಡಿದ. ಬಾಯಿ ತೆರೆಯಲಿಲ್ಲ. ಕೈ ಎತ್ತಲಿಲ್ಲ. ನನ್ನನ್ನೇ ನೋಡಿದನೋ, ನನ್ನ ಹಿಂದಿದ್ದ ಶಾಲೆಯ ಗೋಡೆಯ ನೆರಳನ್ನು ನೋಡಿದನೋ, ಅದೂ ನನಗೆ ಗೊತ್ತಿಲ್ಲ. ನಾನು ಕತುಂಗೆಯ ಸೊಂಟದಿಂದ ಕೈ ತೆಗೆದೆ. ಎಡಕ್ಕೆ ಸರಿದೆ. ಆ ಸಾಲಿನ ಕಡೆ ನಡೆದೆ.

ನಾನೊಬ್ಬಳೇ ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಒಬ್ಬಳು ಹೋದರೆ ಇನ್ನೂರ ಹದಿಮೂರು ಉಳಿಯುತ್ತದೆ, ಮೇಷ್ಟ್ರು ಹೇಗೂ ಗೆಲ್ಲುತ್ತಾರೆ, ನನ್ನ ಗಂಡನಿಗೂ ಮುಖ ಉಳಿಯುತ್ತದೆ. ನಡೆಯುವಾಗ ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಕಿತೋಂಗಾನ ಸಾಲಿನ ಬಾಲದಲ್ಲಿ ನಿಂತು ತಿರುಗಿ ನೋಡಿದೆ. ನಾನು ಎಡಕ್ಕೆ ಸರಿದದ್ದೇ ತಡ ಟಬಿತಾ ಸರಿದಿದ್ದಳು. ಅವಳ ಹಿಂದಿನವಳು ಸರಿದಿದ್ದಳು. ಅರವತ್ತೊಂದು ಹೆಂಗಸರು, ಕೇಳದೆ, ನೋಡದೆ, ಒಂದೇ ಉಸಿರಿಗೆ ಎಡಕ್ಕೆ ಸರಿದು ಬಯಲಲ್ಲಿ ನಿಂತಿದ್ದರು. ಟಬಿತಾ ಮೇಲೆ ನೋಡುತ್ತ, “ಬಂಡೆ ಎಲ್ಲಿ?” ಎಂದು ಕೇಳಿದಳು. ಮೈದಾನ ಅಂಗೈಯಂತೆ ಸಪಾಟಾಗಿತ್ತು. ಆಗಲೇ ಅಧಿಕಾರಿ ಸೀಟಿ ಊದಿದ.

ಅವರು ಮರಳಿ ಓಡಿದರು. ಪೊಲೀಸರು ಕೋಲು ಅಡ್ಡ ಹಿಡಿದರು. ಕತುಂಗೆ ತಿರುಗಿ ನೋಡಿರಲಿಲ್ಲ. ಗುಡ್ಡದ ಮೇಲೆ ಕಲ್ಲಿನ ಸಾಲಿನಲ್ಲೂ ಅವಳು ಎಂದೂ ಹಿಂದೆ ನೋಡಿದವಳಲ್ಲ, ಹಿಂದೆ ಕೈ ಚಾಚಿದರೆ ಅಲ್ಲಿ ಕೈ ಇರುತ್ತಿತ್ತು. ಅಧಿಕಾರಿ ಬೆತ್ತದಿಂದ ಒಂದೊಂದೇ ಭುಜ ಮುಟ್ಟುತ್ತ ಬಂದ. ಕತುಂಗೆಯ ಭುಜ ಮುಟ್ಟಿ, “ನೂರ ಐವತ್ತೆರಡು,” ಎಂದು ನಿಂತ.

“ಯಾಕಪ್ಪಾ ನಿಂತೆ? ಎಣಿಸು,” ಎಂದಳು ಕತುಂಗೆ.

“ಮುಗೀತು.”

“ನನ್ನ ಹಿಂದೆ ಇನ್ನೂ ಅರವತ್ತೆರಡು ಜನ ಇದಾರೆ. ಎಣಿಸಪ್ಪಾ.”

“ನಿನ್ನ ಹಿಂದೆ ಯಾರೂ ಇಲ್ಲ ತಾಯಿ.”

ಅವಳು ಒಂದು ಕೈಯನ್ನು ಮುಂದಿನವನ ಸೊಂಟದಿಂದ ತೆಗೆದು, ಹಿಂದಕ್ಕೆ ಚಾಚಿ, ಗಾಳಿಯಲ್ಲಿ ತಡವಿದಳು. ಆಮೇಲೆ ತಿರುಗಿದಳು.

ಮೇಷ್ಟ್ರಿಗೆ ನೂರ ಐವತ್ತೆರಡು. ಕಿತೋಂಗಾನಿಗೆ ನೂರ ಎಪ್ಪತ್ತೆರಡು. ಆ ನೂರ ಎಪ್ಪತ್ತೆರಡನೆಯವಳು ನಾನು.

ಅವತ್ತು ಸಂಜೆಯೇ ಹೆಂಗಸರು ನನ್ನ ಅಂಗಳಕ್ಕೆ ಬಂದರು. ಪಾತ್ರೆ ಒಯ್ಯಲು ಬಂದರೆಂದುಕೊಂಡೆ. ಯಾರೂ ಪಾತ್ರೆ ಮುಟ್ಟಲಿಲ್ಲ. ಟಬಿತಾ ಕೇಳಿದಳು, “ಯಾಕ್ಹೀಗ್ ಮಾಡ್ದೆ ವಾಯೆನಿ?” ಮುಸೆಂಬಿ ಒಳಗೆ ಗಂಜಿ ಕುಡಿಯುತ್ತ ಕುಳಿತಿದ್ದ. ನಾನು ಹೇಳಿದೆ, “ನನ್ನ ಗಂಡ ಕರೆದ. ಎಲ್ಲರೆದುರಿಗೆ ಗಂಡ ಕರೆದ್ರೆ ಏನ್ಮಾಡ್ಲಿ?” ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡ ಕರೆದರೆ ಹೋಗಲೇಬೇಕು, ಅದು ಅವರಿಗೂ ಗೊತ್ತು. ಟಬಿತಾ ನನ್ನ ಭುಜ ಸವರಿ, ಬಾಗಿಲ ಕಡೆ ಉಗಿದು, ಹೊರಟುಹೋದಳು.

ಅವರು ಹೋದ ಮೇಲೆ ಮುಸೆಂಬಿ ಬೋಗುಣಿ ಕೆಳಗಿಟ್ಟ. “ನನ್ನ ದನಿ ಅಷ್ಟು ದೂರ ಕೇಳಿಸ್ತೇನು?” ಎಂದ. ಆ ಮೇಲೆ ಏಳು ವರ್ಷ ಬದುಕಿದ್ದ. ಗುಡ್ಡದ ಹೆಂಗಸರು ಅವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಒಂದು ಸಲವೂ ಅವನು, “ನಾನು ಅವಳನ್ನ ಕರೀಲಿಲ್ಲ,” ಎಂದು ಯಾರಿಗೂ ಹೇಳಲಿಲ್ಲ. ಅವನನ್ನು ಮಣ್ಣು ಮಾಡುವ ದಿನ ಗುಂಡಿ ತೋಡಲು ಸಾಕಷ್ಟು ಗುದ್ದಲಿ ಬರಲಿಲ್ಲ. ಕತುಂಗೆ ಬಂದು ತೋಡಿದಳು.

ಚುನಾವಣೆಯಾದ ಎರಡು ವಾರಕ್ಕೆ ಪಟ್ಟಣದಿಂದ ಒಬ್ಬ ಪಕ್ಷದ ಮನುಷ್ಯ ಬಂದ. ಬೇರೆ ಕಡೆಯೆಲ್ಲ ಅರ್ಧ ಜನವೂ ಬಂದಿಲ್ಲ, ನಿಮ್ಮ ಗುಡ್ಡದಲ್ಲಿ ಆರು ಜನ ಬಿಟ್ಟು ಎಲ್ಲರೂ ಬಂದಿದ್ದಾರಲ್ಲ, ಕಾರಣ ಏನು ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಚೀಫ, ಜನಕ್ಕೆ ಪಕ್ಷದ ಮೇಲೆ ಪ್ರೀತಿ ಎಂದ. ಕಿವಿಗೆ ಕಡ್ಡಿ ಸಿಕ್ಕಿಸಿಕೊಂಡಿದ್ದ ಮುದುಕ, “ನಾನು ಗಂಜಿಗೋಸ್ಕರ ಹೋದೆ,” ಎಂದ. ಪಟ್ಟಣದವನು ಅದನ್ನು ಬರೆದುಕೊಳ್ಳಲಿಲ್ಲ. ಆಮೇಲೆ ಕತುಂಗೆಯ ಮನೆಗೆ ಬಂದ. ನಾನು ಅವಳ ಅಂಗಳದ ಬೇಲಿಯ ಈಚೆ ಇದ್ದೆ.

“ಇಷ್ಟೊಂದು ಜನ ಯಾಕೆ ಬಂದ್ರಮ್ಮಾ?”

ಕತುಂಗೆ ಬಾಗಿಲ ಪಕ್ಕದ ಗೂಟದ ಕಡೆ ನೋಡಿದಳು. ಪಟ್ಟಿ ಮತ್ತೆ ಅಲ್ಲಿ ನೇತಾಡುತ್ತಿತ್ತು. “ನೀರಡಿಕೆಯಾಗಿತ್ತು,” ಎಂದಳು. ಅವನ ಕಡೆ ತಿರುಗಿ, “ಮುನ್ನೂರ ಎಂಬತ್ತೈದು ಜನ ಒಳಗೆ ಹೋದ್ರು. ಎಣಿಸಿದ್ದು ಮುನ್ನೂರ ಇಪ್ಪತ್ನಾಲ್ಕು. ಅರವತ್ತೊಂದು ಜನ ಎಲ್ಲಿ ಹೋದ್ರು ಅಂತ ನಿನ್ನ ಪುಸ್ತಕದಲ್ಲಿ ಇದೆಯಾ?” ಎಂದು ಕೇಳಿದಳು. ಅವನು ಪುಟ ತಿರುವಿದ. ಇರಲಿಲ್ಲ.

ತಂತಿ ಹಾಗೇ ಉಳಿಯಿತು. ಕಿತೋಂಗಾನ ತಮ್ಮ ಪಂಪು ತಂದು ನೀರೆಳೆಸಿದ. ಪಂಪು ಬಂದ ಒಂಬತ್ತನೆಯ ವರ್ಷ ಒರತೆ ಬತ್ತಿತು. ಮೇಷ್ಟ್ರು ಬೇರೆ ಶಾಲೆಗೆ ವರ್ಗವಾಗಿ ಹೋದರು. ಮ್ವೆತ್ಯಾ ಮಾತ್ರ ನಡೆಯಿತು, ಆದರೆ ಕಲ್ಲಿನ ಸಾಲಿನಲ್ಲಿ ಹೆಂಗಸರು ಈಗ ಸರಿಯುವ ಮೊದಲು ತಲೆಯೆತ್ತಿ ನೋಡುತ್ತಿದ್ದರು. ಹಾಗೆ ನೋಡುತ್ತ ನಿಂತು ಟಬಿತಾಳ ಪಾದ ಜಜ್ಜಿಹೋಯಿತು. ಕತುಂಗೆ ನನ್ನನ್ನು ತನ್ನ ಹಿಂದಿನ ಜಾಗದಿಂದ ತೆಗೆಯಲಿಲ್ಲ. ಬುರುಡೆಯನ್ನೂ ಕೇಳಿ ತೆಗೆದುಕೊಳ್ಳಲಿಲ್ಲ. ಆ ದಿನದ ಮಾತನ್ನು ನನ್ನೆದುರು ಎತ್ತಲೂ ಇಲ್ಲ. ಅರವತ್ತು ದಾಟಿದ ಮೇಲೂ ಕಾನಿನಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಹೊಳೆಯಿಂದ ನೀರು ಹೊರುತ್ತಿದ್ದಳು. ಹಣೆಯಲ್ಲಿ ಎರಡು ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು.

ಕೊನೆಗೆ ಅವಳ ಮೊಣಕಾಲುಗಳು ಸೋತವು. ಮಲಗಿದ ನಾಲ್ಕು ತಿಂಗಳು ನಾನೇ ದಿನವೂ ನೀರು ತಂದು ಕೊಟ್ಟೆ. ಹೊಳೆಯ ನೀರಾದ್ದರಿಂದ ಕುಡಿದಳು. ಒಂದು ಮಧ್ಯಾಹ್ನ ಅವಳ ತಲೆ ಎತ್ತಿ ಹಿಡಿದು ಬಟ್ಟಲು ಬಾಯಿಗೆ ಕೊಟ್ಟಿದ್ದೆ. ಎರಡು ಗುಟುಕು ಕುಡಿದು, ಸಾಕೆಂದು ಕಣ್ಣಲ್ಲೇ ಹೇಳಿದಳು. ಮಲಗಿಸಿದೆ. ಅವಳ ಕೈ ಹಾಸಿಗೆಯ ಮೇಲೆ ತಡವುತ್ತ ಬಂದು ನನ್ನ ಮಣಿಕಟ್ಟು ಹಿಡಿಯಿತು. ಆ ಕೈಯಲ್ಲಿ ಶಕ್ತಿ ಇರಲಿಲ್ಲ, ಬಿಡಿಸಿಕೊಳ್ಳಬೇಕೆಂದರೆ ಬಿಡಿಸಿಕೊಳ್ಳಬಹುದಿತ್ತು.

“ವಾಯೆನಿ,” ಎಂದಳು. “ಮುಸೆಂಬಿ ಹೋಗಿ ಬಹಳ ವರ್ಷ ಆಯ್ತು. ಈಗ ಹೇಳಿದ್ರೆ ಅವನಿಗೇನೂ ಆಗಲ್ಲ, ನಿಂಗೂ ಏನೂ ಆಗಲ್ಲ. ಅವತ್ತು ಅವನು ನಿನ್ನನ್ನ ಕರೆದ್ನಾ, ಬರೀ ನೋಡಿದ್ನಾ?”